ಪಿಯಾನೋ ಕಲಿವ ಮಕ್ಕೊಗೆ ಏವ ಸಾಫ್ಟ್‌ವೇರ್ ಅಕ್ಕು?

ನಮ್ಮ ಪುತ್ತೂರು, ಸುಳ್ಯ, ಕಡಬ ಹೊಡೆಲಿಯೂ ಈಗ ಮಕ್ಕೊ ಕೀಬೋರ್ಡು ಕಲಿತ್ತವು. ಮನೆಲಿ ಅಭ್ಯಾಸ ಮಾಡುಲೆ ‘ಮಿಡಿ’ ಸಾಫ್ಟ್‌ವೇರ್ ಏವದು ಹಾಕೆಕ್ಕು ಹೇಳಿ ಕೇಳ್ತವು. ಪೈಸೆ ಕೊಡುವ ಮದಲು ಪುಕ್ಕಟೆ ಸಿಕ್ಕುವದರ ನೋಡಿ ಹೇಳುದು ಎನ್ನ ಅಭಿಪ್ರಾಯ.

ಮಿಡಿ ಹೇಳಿರೆ 1983ರಲ್ಲಿ ಬಂದ ಒಂದು ಕ್ರಮ. ಏವ ಕೀ, ಏವಗ, ಎಷ್ಟು ಜೋರಿಲಿ ಒತ್ತೆಕ್ಕು ಹೇಳಿ ಬರದು ಮಡಗಿದ ಪಟ್ಟಿ ಅದು. ಮೇಲಾರ ಅಲ್ಲ, ಮೇಲಾರ ಮಾಡುವ ಕ್ರಮ ಬರದ ಚೀಟಿ ಇದ್ದ ಹಾಂಗೆ. ಹಾಂಗಾಗಿ ನಿಧಾನ ಮಾಡಿರೂ ಶ್ರುತಿ ತಗ್ಗುತ್ತಿಲ್ಲೆ. ಫೈಲಿಲಿ ಎರಡು ಕೈದೂ ಬೇರೆ ಬೇರೆ ಇದ್ದರೆ, ಬಲದ ಕೈದರ ಮಾಂತ್ರ ಕೇಳುಲೂ ಎಡಿಗು. ಫೈಲು ಸಣ್ಣ, ನೆಟ್‌ವರ್ಕ್ ರಜಾ ಇದ್ದರೂ ಸಾಕು.

ಸಿಂಥೇಷಿಯಾಲ್ಲಿ ಬಣ್ಣದ ಪಟ್ಟಿಗೊ ಮೇಗಂದ ಕೆಳ ಬೀಳ್ತು, ಮಕ್ಕೊಗೆ ಕೊಶಿ. ಆದರೆ ಅದನ್ನೇ ನೋಡಿ ಬೆರಳು ಮಡಗಿರೆ ಕೆಮಿ ಕಲಿತ್ತಿಲ್ಲೆ. ಮ್ಯೂಸ್‌ಸ್ಕೋರ್ ಕಂಪ್ಯೂಟರಿಂಗೆ ಪುಕ್ಕಟೆ. ಮಿಡಿ ಫೈಲಿನ ಸ್ವರಲಿಪಿ ಮಾಡಿ ತೋರುಸುತ್ತು, ತಿದ್ದುಲೂ ಎಡಿಗು. ಅದೇ ಹೆಸರಿನ ವೆಬ್‌ಸೈಟಿಲಿ ಚಂದಾ ಕೇಳುದು ಬೇರೆ. ಸಾಫ್ಟ್‌ವೇರಿಂಗೆ ಚಂದಾ ಬೇಡ. ಎನ್ನ ಓಟು ಇದಕ್ಕೆ.

ಒಂದು ಮಾತು ಅಕ್ಕಂದಿರೇ, ಪಿಯಾನೋದ ಕೀಲಿ ಗಮಕ ಬತ್ತಿಲ್ಲೆ. ವರ್ಣ, ಕೀರ್ತನೆ ಕಲಿವ ಕೂಸಿಂಗೆ ಗುರುಗಳ ಸ್ವರವೇ ಬೇಕು. ಪಿಯಾನೋ ಕಲಿವವಕ್ಕೂ ಅಷ್ಟೆ: ದಿನಕ್ಕೆ ಒಂದರಿ ಸ್ಕ್ರೀನು ಮುಚ್ಚಿ ಬಾರುಸುಲೆ ಹೇಳಿ. ಅಂಬಗಳೂ ತಪ್ಪದ್ದೆ ಬಂದರೆ ಮಕ್ಕೊ ಕಲ್ತವು ಹೇಳಿ ಲೆಕ್ಕ.