ಗಣಿ ಮುಚ್ಚಿದ ಮೇಲೆ

ಕನ್ನಂಬಾಡಿಯ ಕಟ್ಟೆಯನ್ನು ನೋಡದ ವಿದ್ಯಾರ್ಥಿ ನಮ್ಮ ಸೀಮೆಯಲ್ಲಿ ಇರಲಾರನು. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲೂಕುಗಳ ಶಾಲೆಗಳಿಂದ ವರ್ಷವರ್ಷವೂ ಮಕ್ಕಳು ಅಲ್ಲಿಗೆ ಪ್ರವಾಸ ಹೋಗುತ್ತಾರೆ. ಕಾರಂಜಿಗಳನ್ನು ಕಂಡು ಹಿಗ್ಗುತ್ತಾರೆ. ಹಿಂದಿರುಗಿ ಬಂದು ಪ್ರಬಂಧ ಬರೆಯುತ್ತಾರೆ. ಈ ಕಟ್ಟೆಯನ್ನು ಏಕೆ ಕಟ್ಟಿದರು ಎಂದು ಕೇಳಿದರೆ, ಗದ್ದೆಗಳಿಗೆ ನೀರುಣಿಸಲು ಎಂಬ ಉತ್ತರ ಒಡನೆಯೇ ಬರುತ್ತದೆ. ಉತ್ತರವು ಸರಿಯೇ, ಆದರೆ ಅರ್ಧ ಮಾತ್ರ ಸರಿ. ಉಳಿದರ್ಧವನ್ನು ಅರಿಯಬೇಕಾದರೆ ಕಾವೇರಿಯ ದಂಡೆಯನ್ನು ಬಿಟ್ಟು ಕೋಲಾರದ ಚಿನ್ನದ ಗಣಿಗಳ ಕಡೆಗೆ ಹೋಗಬೇಕು.

ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಆಂಗ್ಲ ಸಂಸ್ಥೆಯು ಆ ಗಣಿಗಳಲ್ಲಿ ಕೆಲಸವನ್ನು ಆರಂಭಿಸಿದುದು ೧೮೮೦ರಲ್ಲಿ. ಗಣಿಯು ಆಳವಾದಂತೆಲ್ಲ ಅದುರನ್ನು ಮೇಲೆತ್ತಲು, ನೀರನ್ನು ಹೊರಹಾಕಲು, ಒಳಕ್ಕೆ ಗಾಳಿಯನ್ನು ಕಳುಹಿಸಲು ಹೆಚ್ಚು ಹೆಚ್ಚಾಗಿ ಶಕ್ತಿ ಬೇಕಾಯಿತು. ೧೯೦೨ರಲ್ಲಿ ಶಿವನಸಮುದ್ರದ ಜಲಪಾತದಿಂದ ವಿದ್ಯುಚ್ಛಕ್ತಿಯನ್ನು ಸುಮಾರು ೧೪೭ ಕಿಲೋಮೀಟರು ದೂರದ ಗಣಿಗಳಿಗೆ ತಂತಿಯ ಮೂಲಕ ಒಯ್ದರು. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿದುದು ೧೯೦೫ರಲ್ಲಿ. ಅದಕ್ಕೂ ಮೂರು ವರ್ಷ ಮೊದಲೇ ಗಣಿಯ ಯಂತ್ರಗಳು ಕಾವೇರಿಯ ಬಲದಿಂದ ತಿರುಗುತ್ತಿದ್ದವು. ಆದರೆ ಬೇಸಗೆಯಲ್ಲಿ ನದಿಯು ಸೊರಗಿದಾಗ ವಿದ್ಯುತ್ತೂ ಸೊರಗುತ್ತಿತ್ತು. ಮಳೆಗಾಲದ ನೀರನ್ನು ಹಿಡಿದಿಟ್ಟು ವರ್ಷವಿಡೀ ಒಂದೇ ಸಮನೆ ಬಿಡುವುದೇ ಇದಕ್ಕೆ ಪರಿಹಾರವಾಗಿದ್ದಿತು. ವಿಶ್ವೇಶ್ವರಯ್ಯನವರ ಯೋಜನೆಯಂತೆ ೧೯೧೧ರಲ್ಲಿ ಕಟ್ಟೆಯ ಕೆಲಸ ಮೊದಲಾಯಿತು. ಹಳೆಯ ಕನ್ನಂಬಾಡಿ ಮುಳುಗಿತು. ಕೃಷ್ಣರಾಜಪೇಟೆಯ ಸೀಮೆಯವರೆಗೂ ನೀರು ಹರಡಿ ಎಷ್ಟೋ ಹಳ್ಳಿಗಳನ್ನು ನುಂಗಿತು. ದೂರದ ಗಣಿಯ ಹಸಿವಿಗೆ ನಮ್ಮ ಹಿರಿಯರೂ ತಮ್ಮ ಪಾಲನ್ನು ತೆತ್ತರು.

ಆ ಗಣಿ ಈಗ ಏನಾಗಿದೆ ಎಂದು ನೋಡಲು ಕಳೆದ ಚಳಿಗಾಲದಲ್ಲಿ ನಾವು ಹೋಗಿದ್ದೆವು. ಬೆಂಗಳೂರಿನಿಂದ ಬೆಳಗ್ಗೆ ಹೊರಟ ನಮ್ಮ ಗಾಡಿ ಬಹುಮಟ್ಟಿಗೆ ಬರಿದಾಗಿದ್ದಿತು. ಎದುರಿನಿಂದ ಬಂದ ಗಾಡಿಯಲ್ಲಿಯಾದರೋ ಕಾಲಿಡಲು ಸ್ಥಳವಿರಲಿಲ್ಲ. ಗಣಿಯ ಊರಿನ ಮಕ್ಕಳು, ಮೊಮ್ಮಕ್ಕಳು ಕೆಲಸವನ್ನರಸಿ ದಿನವೂ ಬೆಂಗಳೂರಿಗೆ ಹೋಗಿ ರಾತ್ರಿ ಮನೆ ಸೇರುತ್ತಾರೆ. ಮಾರಿಕುಪ್ಪಂ ನಿಲ್ದಾಣದಲ್ಲಿ ಇಳಿದು ನಡೆದರೆ ಕಣ್ಣಿಗೆ ಬೀಳುವುದು ಇಳಿಬಾವಿಗಳ ಮೇಲೆ ನಿಂತ ಕಬ್ಬಿಣದ ಗೋಪುರಗಳು, ತಿರುಗದ ರಾಟೆಗಳು, ಕಾರ್ಮಿಕರ ಸಾಲುಮನೆಗಳು. ಅವುಗಳ ಹಿಂದೆ, ಬೂದು ಬಣ್ಣದ, ಮೇಲ್ಭಾಗ ಚಪ್ಪಟೆಯಾದ ಗುಡ್ಡಗಳು. ಇವನ್ನು ಊರಿನವರು ಸೈನೈಡ್ ಗುಡ್ಡಗಳೆನ್ನುತ್ತಾರೆ. ಇವು ಪ್ರಕೃತಿ ಮಾಡಿದ ಗುಡ್ಡಗಳಲ್ಲ.

ಹಿಂದೆ ಗಣಿಯಲ್ಲಿ ದುಡಿದ ವೃದ್ಧರೊಬ್ಬರು ನಮ್ಮೊಡನೆ ಸ್ವಲ್ಪ ದೂರ ಬಂದರು. ಮುಚ್ಚಿದ ಇಳಿಬಾವಿಯೊಂದನ್ನು ತೋರಿಸಿ, ‘ಒಳಗೆ ಈಗ ಬರೀ ನೀರು, ಸ್ವಾಮಿ. ನಾವು ಇದ್ದಾಗ ಹಗಲೂ ರಾತ್ರಿ ಪಂಪು ನಿಲ್ಲುತ್ತಿರಲಿಲ್ಲ’ ಎಂದರು. ಆ ಮಾತಿನಲ್ಲಿ ಒಂದು ಬಗೆಯ ಹೆಮ್ಮೆಯಿದ್ದಿತು. ಅದಕ್ಕೆ ಕಾರಣವೂ ಉಂಟು.

ಚಾಂಪಿಯನ್ ರೀಫ್ ಗಣಿಯು ಭೂಮಿಯೊಳಕ್ಕೆ ಸುಮಾರು ೩.೨ ಕಿಲೋಮೀಟರು ಇಳಿದಿದ್ದಿತು. ಅಷ್ಟು ಆಳದಲ್ಲಿ ಬಂಡೆಯ ಉಷ್ಣತೆ ಸುಮಾರು ೬೦ ಡಿಗ್ರಿ ಸೆಲ್ಸಿಯಸ್; ತಂಪುಗಾಳಿಯನ್ನು ಕಳುಹಿಸದಿದ್ದರೆ ಮನುಷ್ಯನು ಅಲ್ಲಿ ಬಾಳಲಾರನು. ಮೇಲಿನ ಶಿಲೆಯ ಭಾರದಿಂದ ಕೆಳಗಿನ ಬಂಡೆ ಸದಾ ಅದುಮಿಕೊಂಡಿರುತ್ತದೆ. ಅದರಲ್ಲಿ ಸುರಂಗವನ್ನು ಕೊರೆದಾಗ ಒತ್ತಡವು ಒಂದೆಡೆ ಕೂಡಿ, ಬಂಡೆ ಒಮ್ಮೆಲೇ ಸಿಡಿಯುವುದುಂಟು. ಇಂತಹ ಶಿಲಾಸ್ಫೋಟಗಳಿಗೆ ಬಲಿಯಾದ ಕಾರ್ಮಿಕರು ಅನೇಕರು. ಇದೇ ಆಳವು ವಿಜ್ಞಾನಕ್ಕೆ ವರವೂ ಆಯಿತು. ೧೯೬೫ರಲ್ಲಿ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯ ವಿಜ್ಞಾನಿಗಳು ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯಗಳವರೊಡನೆ ಸೇರಿ ಸುಮಾರು ೨.೩ ಕಿಲೋಮೀಟರು ಆಳದಲ್ಲಿ ಉಪಕರಣಗಳನ್ನಿರಿಸಿ, ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೊ ಕಣಗಳ ಸುಳಿವನ್ನು ಹಿಡಿದರು. ಉಳಿದ ಕಣಗಳನ್ನೆಲ್ಲ ಮೇಲಿನ ಬಂಡೆಯೇ ತಡೆದು, ಯಾವುದಕ್ಕೂ ತಡೆಯದ ನ್ಯೂಟ್ರಿನೊವನ್ನು ಮಾತ್ರ ಒಳಕ್ಕೆ ಬಿಟ್ಟಿತು.

ಹಾಗಾದರೆ ಗಣಿ ಮುಚ್ಚಿತೇಕೆ? ಚಿನ್ನ ಮುಗಿಯಿತೆಂದಲ್ಲ, ಅದನ್ನು ತೆಗೆಯುವ ವೆಚ್ಚವು ಅದರ ಬೆಲೆಯನ್ನು ಮೀರಿತು. ಮೊದಮೊದಲು ಒಂದು ಟನ್ ಅದುರಿನಲ್ಲಿ ಹತ್ತಾರು ಗ್ರಾಮ್ ಚಿನ್ನ ದೊರೆಯುತ್ತಿತ್ತು. ಕಡೆಗಾಲದಲ್ಲಿ ಕೆಲವೇ ಗ್ರಾಮ್. ೨೦೦೧ರ ಫೆಬ್ರವರಿ ೨೮ರಂದು ಕೆಲಸ ನಿಂತಿತು. ಒಟ್ಟು ನೂರಿಪ್ಪತ್ತು ವರ್ಷಗಳಲ್ಲಿ ದೊರೆತ ಚಿನ್ನ ಸುಮಾರು ೮೦೦ ಟನ್. ಅದೆಲ್ಲವೂ ಊರನ್ನು ಬಿಟ್ಟುಹೋಯಿತು. ಊರಿನಲ್ಲಿ ಉಳಿದುದು ಅದುರನ್ನು ಅರೆದು, ಸೈನೈಡ್ ದ್ರಾವಣದಿಂದ ಚಿನ್ನವನ್ನು ಸೆಳೆದ ಮೇಲೆ ಮಿಕ್ಕ ಪುಡಿ: ೧೩ ಗುಡ್ಡಗಳಲ್ಲಿ ಮೂರು ಕೋಟಿ ಟನ್ನಿಗೂ ಹೆಚ್ಚು. ವಾಚಕರು ತಾವೇ ಲೆಕ್ಕಹಾಕಿ ನೋಡಲಿ. ಒಂದು ಗ್ರಾಮ್ ಚಿನ್ನಕ್ಕೆ ಸುಮಾರು ೪೦ ಕಿಲೋಗ್ರಾಮ್ ಪುಡಿ! ಎಂಟು ಗ್ರಾಮಿನ ಒಂದು ಚಿನ್ನದ ನಾಣ್ಯದ ಹಿಂದೆ ಮೂರು ಕ್ವಿಂಟಲಿಗೂ ಹೆಚ್ಚಿನ ಬೂದುಪುಡಿ ಬಿದ್ದಿದೆ. ಗಾಳಿ ಬೀಸಿದಾಗ ಅದು ಮನೆಗಳ ಮೇಲೆ ಹಾರುತ್ತದೆ. ಈ ಗುಡ್ಡಗಳಲ್ಲಿ ಉಳಿದಿರುವ ಅಲ್ಪಸ್ವಲ್ಪ ಚಿನ್ನವನ್ನು ತೆಗೆಯುವ ಪ್ರಸ್ತಾಪಕ್ಕೆ ೨೦೨೪ರಲ್ಲಿ ರಾಜ್ಯದ ಮಂತ್ರಿಮಂಡಲವು ಒಪ್ಪಿಗೆಯಿತ್ತಿತು.

ಗಣಿ ಮುಚ್ಚಿದುದು ತಪ್ಪೆಂದು ನಾವು ಹೇಳುವುದಿಲ್ಲ. ಗಣಿಗೆ ಅಂತ್ಯವುಂಟೆಂಬುದು ಅದನ್ನು ತೆರೆದ ದಿನವೇ ನಿಶ್ಚಿತ. ಗದ್ದೆಯು ಈ ವರ್ಷ ಬೆಳೆದುದನ್ನು ಮುಂದಿನ ವರ್ಷವೂ ಬೆಳೆಯುತ್ತದೆ. ಗಣಿಯಿಂದ ತೆಗೆದುದು ಮತ್ತೆ ಹುಟ್ಟುವುದಿಲ್ಲ. ನಿಶ್ಚಿತವಾಗಿದ್ದ ಈ ಅಂತ್ಯಕ್ಕೆ ಸಿದ್ಧತೆಯಿಲ್ಲದೆ ಹೋದುದೇ ತಪ್ಪು.

ಸಿದ್ಧತೆ ಸಾಧ್ಯವೇ ಎಂಬ ಪ್ರಶ್ನೆಗೆ ಫ್ರಾನ್ಸಿನ ಉದಾಹರಣೆಯನ್ನು ನೋಡಬಹುದು. ಹೈದರ್, ಟಿಪ್ಪು ಇವರ ಸೇವೆಯಲ್ಲಿದ್ದ ಫ್ರೆಂಚ್ ದಂಡು ಬೀಡುಬಿಟ್ಟ ಕಾರಣದಿಂದ ನಮ್ಮ ಪಾಂಡವಪುರಕ್ಕೆ ಹಿಂದೆ ಫ್ರೆಂಚ್ ರಾಕ್ಸ್ ಎಂಬ ಹೆಸರಿದ್ದಿತು. ಆ ಫ್ರೆಂಚರ ನಾಡಿನ ಉತ್ತರ ಭಾಗದಲ್ಲಿ ಎರಡು ಶತಮಾನಗಳಿಗೂ ಮಿಕ್ಕು ಕಲ್ಲಿದ್ದಲನ್ನು ತೆಗೆದರು. ಇದು ಹೆಚ್ಚು ಕಾಲ ನಡೆಯದೆಂದು ಕಂಡಾಗ, ೧೯೬೦ರಲ್ಲಿ ಅಲ್ಲಿನ ಸರ್ಕಾರವು ಉತ್ಪಾದನೆಯನ್ನು ಹಂತಹಂತವಾಗಿ ತಗ್ಗಿಸುವ ಯೋಜನೆಯನ್ನು ಹಾಕಿತು. ಆ ಸೀಮೆಯ ಕೊನೆಯ ಗಣಿ ಮುಚ್ಚಿದುದು ೧೯೯೦ರಲ್ಲಿ, ಅಂದರೆ ಮೂವತ್ತು ವರ್ಷಗಳ ಮೇಲೆ. ೨೦೧೨ರಲ್ಲಿ ಅಲ್ಲಿಯ ಇಳಿಬಾವಿಗಳು, ಕಾರ್ಮಿಕರ ಮನೆಗಳು, ಕಸದ ಗುಡ್ಡಗಳು ಸಹ ವಿಶ್ವಪರಂಪರೆಯ ಪಟ್ಟಿಯನ್ನು ಸೇರಿದವು. ಅದೇ ವರ್ಷ ಲಾನ್ಸ್ ಎಂಬ ಊರಿನಲ್ಲಿ, ಹಳೆಯ ಗಣಿಯೊಂದರ ನೆಲದ ಮೇಲೆಯೇ, ಲೂವ್ರ್ ವಸ್ತುಸಂಗ್ರಹಾಲಯದ ಶಾಖೆ ತೆರೆಯಿತು. ಇಷ್ಟರಿಂದ ಅಲ್ಲಿನ ನಿರುದ್ಯೋಗವೆಲ್ಲ ನೀಗಲಿಲ್ಲ. ಆದರೆ ಆ ಊರುಗಳಿಗೆ ಯೋಚಿಸಲು ಕಾಲವಾದರೂ ದೊರೆಯಿತು.

ಈ ಮಾತನ್ನು ಈಗ ಎತ್ತುವುದಕ್ಕೆ ಕಾರಣವಿದೆ. ಶ್ರೀರಂಗಪಟ್ಟಣ ತಾಲೂಕಿನ ಮರಳಗಾಲ, ಅಲ್ಲಾಪಟ್ಟಣಗಳ ನೆಲದಲ್ಲಿ ಲಿಥಿಯಮ್ ಇರುವುದನ್ನು ಪರಮಾಣು ಖನಿಜ ನಿರ್ದೇಶನಾಲಯವು ಗುರುತಿಸಿತು. ಅದರ ಅಂದಾಜು ೧,೬೦೦ ಟನ್ ಎಂದು ೨೦೨೧ರಲ್ಲಿ ಸಂಸತ್ತಿಗೆ ತಿಳಿಸಲಾಯಿತು. ವಿದ್ಯುತ್ ವಾಹನಗಳ ಬ್ಯಾಟರಿಗೆ ಬೇಕಾದ ಲೋಹವಿದು. ದೇಶಕ್ಕೆ ಇದರ ಅಗತ್ಯವಿದೆ. ಆದರೆ ಇದೂ ಬಂಡೆಯಲ್ಲಿ ಅಡಗಿದೆ. ಸ್ಪಾಡ್ಯುಮೀನ್ ಎಂಬ ಖನಿಜವನ್ನು ಬಂಡೆಯಿಂದ ಬೇರ್ಪಡಿಸಿ, ಸಾವಿರ ಡಿಗ್ರಿಗೂ ಮೀರಿ ಕಾಸಿ, ಗಂಧಕಾಮ್ಲದೊಡನೆ ಬೆರೆಸಿ ಲಿಥಿಯಮನ್ನು ಪಡೆಯಬೇಕು. ಆ ಖನಿಜವು ಶುದ್ಧವಾಗಿದ್ದಾಗಲೂ ನೂರರಲ್ಲಿ ನಾಲ್ಕು ಪಾಲನ್ನು ಮುಟ್ಟುವಷ್ಟು ಲಿಥಿಯಮ್ ಅದರಲ್ಲಿರುವುದಿಲ್ಲ. ಮಿಕ್ಕುದೆಲ್ಲ ಎಲ್ಲಿಗೆ ಹೋಗುತ್ತದೆ? ಕೋಲಾರದ ಗುಡ್ಡಗಳನ್ನು ಕಂಡವರಿಗೆ ಈ ಪ್ರಶ್ನೆ ತಾನಾಗಿಯೇ ಹುಟ್ಟುತ್ತದೆ.

ಗಣಿಯೇ ಬೇಡವೆಂಬುದು ನಮ್ಮ ಅಭಿಪ್ರಾಯವಲ್ಲ. ಒಂದು ದಿನ ನಮ್ಮ ಸೀಮೆಯಲ್ಲಿ ಗಣಿಯನ್ನು ತೆರೆಯುವುದಾದರೆ ಮೂರು ವಿಷಯಗಳು ಮೊದಲೇ ತೀರ್ಮಾನವಾಗಬೇಕು. ಮೊದಲನೆಯದು, ಗಣಿಯನ್ನು ಮುಚ್ಚುವ ಯೋಜನೆ ಮತ್ತು ಅದಕ್ಕೆ ಬೇಕಾದ ಹಣ. ಇದನ್ನು ನಮ್ಮ ದೇಶದ ನಿಯಮಗಳು ೨೦೦೩ರಿಂದಲೂ ವಿಧಿಸಿವೆ. ಕೋಲಾರದ ಗಣಿ ಮುಚ್ಚಿ ಎರಡು ವರ್ಷಗಳಾದ ಮೇಲೆ! ಆ ಯೋಜನೆಯನ್ನು ಕನ್ನಡದಲ್ಲಿ ಬರೆದು, ಗ್ರಾಮಸಭೆಯಲ್ಲಿ ಓದಿ ಹೇಳಬೇಕು. ಎರಡನೆಯದು, ಕಸವನ್ನಿಡುವ ಸ್ಥಳ ಮತ್ತು ಅದರ ನೀರು ನಾಲೆಗಳಿಗೆ ಇಳಿಯದಂತೆ ತಡೆ. ಮೂರನೆಯದು, ಕಾರ್ಮಿಕರ ಮಕ್ಕಳಿಗೆ ಗಣಿಯಾಚೆಗೂ ಬಾಳುವ ವಿದ್ಯೆ. ಅದು ಊರಿನಲ್ಲಿಯೇ ದೊರೆಯಬೇಕು.

ನಮ್ಮ ವಿದ್ಯಾರ್ಥಿಗಳು ಮುಂದಿನ ಬಾರಿ ಕನ್ನಂಬಾಡಿಗೆ ಹೋದಾಗ ಕಟ್ಟೆಯ ಕಡೆಗೊಮ್ಮೆ ನೋಡಲಿ. ಯಾವ ಗಣಿಗೆ ಶಕ್ತಿಯನ್ನೀಯಲು ಅದನ್ನು ಕಟ್ಟಲು ತೊಡಗಿದರೋ ಆ ಗಣಿ ಇಂದಿಲ್ಲ. ಕಟ್ಟೆಯ ನೀರು ಮಾತ್ರ ಮಂಡ್ಯದ ಗದ್ದೆಗಳಲ್ಲಿ ಇನ್ನೂ ಹರಿಯುತ್ತಿದೆ. ನಿಮ್ಮಲ್ಲಿ ಕೆಲವರು ನಾಳೆ ಭೂವಿಜ್ಞಾನಿಗಳೂ ಎಂಜಿನಿಯರುಗಳೂ ಅಧಿಕಾರಿಗಳೂ ಆಗುವಿರಿ. ನೆಲವನ್ನು ಅಗೆಯುವ ಕಾಗದದ ಮೇಲೆ ರುಜು ಹಾಕುವ ಸಂದರ್ಭ ಬಂದರೆ, ಕಡೆಯ ಪುಟವನ್ನು ಮೊದಲು ಓದಿರಿ.