ಅಸಾಯಿ ಸಸಿಗೆ ಮುಂಗಡ ಕೊಡುವ ಮುನ್ನ

ಈಚೆಗೆ ಸಂಘದ ಕಚೇರಿಗೆ ಬರುವ ಸದಸ್ಯರಲ್ಲಿ ಹಲವರು ಅಸಾಯಿ ಸಸಿಯ ವಿಚಾರ ಕೇಳುತ್ತಿದ್ದಾರೆ. ಅಡಿಕೆಯ ನಡುವೆ ಹಾಕಬಹುದೇ, ಸಂಘವೇ ಸಸಿ ತರಿಸಿಕೊಡಬಾರದೇ ಎಂಬುದು ಪ್ರಶ್ನೆ. ಕೆಲವರು ಆಗಲೇ ಮುಂಗಡ ಕೊಟ್ಟಿದ್ದಾರೆಂದು ಕೇಳಿ, ನಾವು ತಿಳಿದಷ್ಟನ್ನು ಇಲ್ಲಿ ಬರೆಯುವುದು ಒಳಿತೆಂದು ಕಂಡಿತು.

ಅಸಾಯಿ ಬ್ರೆಜಿಲ್ ದೇಶದ ಪಾರಾ ರಾಜ್ಯದಲ್ಲಿ, ಅಮೆಜಾನ್ ನದಿ ಸಮುದ್ರ ಸೇರುವಲ್ಲಿನ ಜೌಗುನೆಲದ ಮರ. ವ್ಯಾಪಾರಿಗಳು ಬೆರ್ರಿ ಎಂದು ಕರೆದರೂ ಇದು ಅಡಿಕೆಯ ಕುಟುಂಬಕ್ಕೇ ಸೇರಿದ್ದು. ಒಂದೇ ಬುಡದಿಂದ ಹಲವು ಕಾಂಡ ಒಡೆಯುತ್ತದೆ. ಅಲ್ಲಿನವರು ಕೊನೆ ತೆಗೆಯುವುದನ್ನು ನೋಡಿದರೆ ನಮ್ಮವರೇ ಅನ್ನಿಸೀತು. ನಮ್ಮ ತಳೆಯಂಥದೇ ಬಳೆಯನ್ನು ಪಾದಗಳಿಗೆ ಸಿಕ್ಕಿಸಿ, ಕತ್ತಿ ಹಿಡಿದು ಹತ್ತುತ್ತಾರೆ. ನೆಲಕ್ಕಿಳಿಯದೆ ಪಕ್ಕದ ಕಾಂಡಕ್ಕೆ ದಾಟುವ ನಿಪುಣರೂ ಉಂಟು, ಬಿದ್ದು ಸೊಂಟ ಮುರಿದುಕೊಂಡವರೂ ಉಂಟು. ಇರುವ ಅಡಿಕೆಯ ಕೊನೆ ಇಳಿಸಲಿಕ್ಕೇ ಆಳು ಸಿಗದೆ ಒದ್ದಾಡುವ ನಾವು ಇದನ್ನು ಮರೆಯಬಾರದು.

ಹೋಲಿಕೆ ಅಷ್ಟಕ್ಕೇ ಮುಗಿಯಿತು. ಅಡಿಕೆಯನ್ನು ಸುಲಿದು ಒಣಗಿಸಿ, ಧಾರಣೆ ಏರುವವರೆಗೆ ಅಟ್ಟದಲ್ಲಿಡಬಹುದು. ಅಸಾಯಿ ಕೊಯ್ದ ಒಂದು ದಿನದೊಳಗೆ ಕೆಡತೊಡಗುತ್ತದೆ. ರಾತ್ರಿಯೇ ದೋಣಿಯಲ್ಲಿ ಬೆಲೆಂ ಪಟ್ಟಣ ಸೇರಿ, ಬೆಳಕು ಹರಿಯುವ ಮೊದಲೇ ಮಾರಾಟವಾಗಿ, ಅಂದೇ ನೀರು ಬೆರೆಸಿ ಯಂತ್ರದಲ್ಲಿ ತಿರುಳು ತೆಗೆಯಬೇಕು. ಹಣ್ಣಿನಲ್ಲಿ ಬೀಜವೇ ಬಹುಪಾಲು. ಪರದೇಶಕ್ಕೆ ಹೋಗುವುದು ಹೆಪ್ಪುಗಟ್ಟಿಸಿದ ತಿರುಳು, ಇಲ್ಲವೇ ಪುಡಿ. ಅಂಥ ಘಟಕ ನಮ್ಮ ತಾಲ್ಲೂಕಿನಲ್ಲಿ ಎಲ್ಲಿದೆ?

ಇನ್ನು ಆರೋಗ್ಯದ ಮಾತು. ಪಾರಾದ ಸಾಮಾನ್ಯ ಜನ ಇದನ್ನು ಮರಗೆಣಸಿನ ಹಿಟ್ಟು, ಮೀನಿನ ಜೊತೆ ಊಟವಾಗಿಯೇ ಉಣ್ಣುತ್ತಾರೆ. ಒಳ್ಳೆಯ ಎಣ್ಣೆಯಂಶ, ನಾರು, ಕಡುನೇರಳೆ ಬಣ್ಣ ಕೊಡುವ ಆಂಥೋಸಯನಿನ್ ಇವೆ. ಅದು ಆಹಾರ, ಔಷಧವಲ್ಲ. ತೂಕ ಇಳಿಸುತ್ತದೆಂದು ಸುಳ್ಳು ಸುದ್ದಿಪುಟ ಕಟ್ಟಿ ಅಸಾಯಿ ಮಾತ್ರೆಯ ಪ್ರಚಾರ ಮಾಡಿದವರ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2011ರಲ್ಲಿ ನ್ಯಾಯಾಲಯಕ್ಕೆ ಹೋಯಿತು. ಅಮೆಜಾನಿನಲ್ಲಿ ಹಣ್ಣಿನೊಡನೆ ರಕ್ತಹೀರುವ ತಿಗಣೆಯೊಂದು ಅರೆದುಹೋಗಿ ಚಾಗಾಸ್ ಕಾಯಿಲೆ ಹರಡಿದ್ದೂ ಇದೆ. ಅದಕ್ಕಾಗಿ ಅಲ್ಲಿ ಹಣ್ಣನ್ನು 80 ಡಿಗ್ರಿ ಬಿಸಿನೀರಿನಲ್ಲಿ 10 ಸೆಕೆಂಡು ಅದ್ದಿ ತೆಗೆಯುತ್ತಾರೆ.

ತೂಕ ಇಳಿಸುವ ಮಾತ್ರೆಯ ಕಥೆ ನಮಗೆ ಹೊಸದೇನಲ್ಲ. 1990ರ ದಶಕದಲ್ಲಿ ಉತ್ತರ ಕನ್ನಡದ ಉಪ್ಪಾಗೆಗೆ ಇದೇ ಹೆಸರಿನಲ್ಲಿ ಬೆಲೆ ಏರಿತು. ಕಾಯಿಗಾಗಿ ಕೊಂಬೆಗಳನ್ನೇ ಕಡಿದರು, ಸಿಪ್ಪೆ ಒಣಗಿಸಲು ಕಾಡಿನ ಸೌದೆ ಸುಟ್ಟರು. ಆ ಸಿಪ್ಪೆಯ ಸತ್ವವನ್ನು ಅಮೆರಿಕದಲ್ಲಿ ಪರೀಕ್ಷಿಸಿ 1998ರಲ್ಲಿ ಪ್ರಕಟಿಸಿದ ವರದಿ, ಬರಿಯ ಹುಸಿಮಾತ್ರೆಗಿಂತ ಅದರಿಂದ ಹೆಚ್ಚೇನೂ ತೂಕ ಇಳಿಯಲಿಲ್ಲವೆಂದಿತು.

ತಿರುಳಿನ ಘಟಕವೂ ಬರಹದಲ್ಲಿ ದರ ಒಪ್ಪುವ ಖರೀದಿದಾರನೂ ಸಿಗುವವರೆಗೆ ಸಂಘದ ಹಣದಿಂದ ಸಸಿ ತರಿಸುವುದನ್ನು ನಾವು ಒಪ್ಪುವುದಿಲ್ಲ. ಕುತೂಹಲವಿದ್ದವರು ಹಳ್ಳದ ದಂಡೆಯಲ್ಲಿ ಎರಡು ಸಸಿ ನೆಟ್ಟು ನೋಡಲಿ, ಬೇಸಿಗೆಯಲ್ಲಿ ನೀರು ಮಾತ್ರ ತಪ್ಪಬಾರದು. ಅದೇ ನೇರಳೆಗೆಂಪು ಆಂಥೋಸಯನಿನ್ ಇರುವ ನಮ್ಮ ಮುರುಗಲು ಪ್ರತಿವರ್ಷ ಮೊದಲ ಮಳೆಗೆ ಬೇಲಿಬದಿಯಲ್ಲಿ ಬಿದ್ದು ಕೊಳೆಯುತ್ತಿದೆ. ಅದರ ಸಿಪ್ಪೆಯನ್ನು ಬಿಸಿಲಲ್ಲೇ ಒಣಗಿಸಿಡಬಹುದು. ಯಾರ ತೋಟದಲ್ಲಿ ಎಷ್ಟು ಮರವಿದೆ, ಅಂದಾಜು ಎಷ್ಟು ಹಣ್ಣಾದೀತು ಎಂಬುದನ್ನು ಸದಸ್ಯರು ಯುಗಾದಿಯೊಳಗೆ ಕಚೇರಿಗೆ ಬರೆದು ಕೊಟ್ಟರೆ, ಒಟ್ಟಿಗೆ ಮಾರುವ ವಿಚಾರವನ್ನು ಮುಂದಿನ ಸಭೆಗೆ ತರುತ್ತೇವೆ.