ಹಾಜರಿ ಪುಸ್ತಕ ಯಾರಿಗೆ ಬೇಕು?

ನಮ್ಮ ಮುಂಬಯಿ ಕನ್ನಡಿಗರಿಗೆ ಇತಿಹಾಸದ ಮೇಲೆ ಪ್ರೀತಿಯಿಲ್ಲ ಅಂತ ಯಾರಂದರು? ಮಾಟುಂಗಾದ ಮೈಸೂರು ಅಸೋಸಿಯೇಷನ್ 1926ರದ್ದು, ರಾಮ ನಾಯಕರ ಬೋರ್ಡಿಂಗ್ 1942ರದ್ದು, ಎಲ್ಲ ಬಾಯಿಪಾಠ. ಸಂಘಕ್ಕೆ ಐವತ್ತು ತುಂಬಿತೋ, ಶಾಲು, ಹಾರ, ದಪ್ಪನೆಯ ಸ್ಮರಣ ಸಂಚಿಕೆ (ಮುಕ್ಕಾಲು ಜಾಹೀರಾತು).

ಹೋದ ತಿಂಗಳು, ಎಂದೋ ಮುಚ್ಚಿದ ಕನ್ನಡ ರಾತ್ರಿಶಾಲೆಯೊಂದರ ಕಪಾಟು ಖಾಲಿ ಮಾಡಲು ನಾವು ನಾಲ್ವರು ಹೋಗಿದ್ದೆವು. ಹಗಲೆಲ್ಲ ಹೋಟೆಲಲ್ಲಿ ಕಪ್ಪು-ಬಸಿ ತೊಳೆದು ರಾತ್ರಿ ಓದಿದ ಹುಡುಗರ ಹಾಜರಿ ಪುಸ್ತಕಗಳು ಅಲ್ಲಿದ್ದವು. ಹೆಸರು, ವಯಸ್ಸು, ಊರು: ಕಾಪು, ಮೂಲ್ಕಿ, ಕುಂದಾಪುರ. ಒಬ್ಬನಿಗೆ ಸಾಲಾಗಿ ಹನ್ನೊಂದು ದಿನ ಗೈರುಹಾಜರಿ. ಅಂಚಿನಲ್ಲಿ ಮಾಸ್ತರರ ಅಕ್ಷರ: ‘ಮಾಲಿಕರು ಬಿಡುತ್ತಿಲ್ಲ, ಹೋಗಿ ಮಾತಾಡಬೇಕು.’

“ಇದನ್ನೆಲ್ಲ ಇಟ್ಟು ಎಂತ ಮಾಡುವುದು ಮಾರಾಯ?” ಅಂದರು ಉಸ್ತುವಾರಿಯವರು. ರದ್ದಿಯವನು ಆಗಲೇ ತಕ್ಕಡಿ ತಂದಿದ್ದ. ಗೋಡೆಯ ಮೇಲಿದ್ದ ಸ್ಥಾಪಕರ ಫೋಟೋ ಮಾತ್ರ ಬಟ್ಟೆ ಸುತ್ತಿಸಿಕೊಂಡು ಜೋಪಾನವಾಗಿ ಹೋಯಿತು.

ಫೋಟೋ ಬೇಡವೆಂದಲ್ಲ. ಆದರೆ ನಿದ್ದೆಗೆಟ್ಟು ಆ ಬೆಂಚು ತುಂಬಿಸಿದವರಿಂದಲ್ಲವೇ ಅದು ಶಾಲೆಯಾದದ್ದು? ಮುಂಬಯಿ ವಿಶ್ವವಿದ್ಯಾಲಯದಲ್ಲಿ 1978ರಿಂದ ಕನ್ನಡ ವಿಭಾಗವಿದೆ. ನಾಳೆ ಅಲ್ಲಿ ಯಾರಾದರೂ ಹೋಟೆಲ್ ಹುಡುಗರ ಬಗ್ಗೆ ಬರೆಯಹೊರಟರೆ ಜಾಹೀರಾತು ತೋರಿಸೋಣವೇ?

ನಾನೇನೂ ಸಾಚಾ ಅಲ್ಲ. ಎರಡು ಪುಸ್ತಕ ಬಗಲಲ್ಲಿಟ್ಟು ತಂದೆ. ಲೋಕಲ್ ತಪ್ಪೀತೆಂಬ ಅವಸರ, ಉಳಿದವು ತೂಕಕ್ಕೆ ಹೋದವು. ನಮ್ಮ ಸಂಘದ ಕಪಾಟಿನಲ್ಲಿ ಒಂದು ಅರೆ ಖಾಲಿಯಿದೆ. ನಿಮ್ಮ ಮನೆಯ ಮಂಚದಡಿಯ ಟ್ರಂಕಿನಲ್ಲಿ ಇಂಥದ್ದೇನಾದರೂ ಇದ್ದರೆ ಸೋಮವಾರ ಮಧ್ಯಾಹ್ನದ ಬಿಡುವಿನಲ್ಲಿ ತಂದುಕೊಡಿ, ನಾನಿರುತ್ತೇನೆ.